ಕೆಲಸ ನಿಲ್ಲಿಸುವ ಹಕ್ಕು: ಬಂದರು ಕಾರ್ಮಿಕ ಹ್ಯಾರಿ ಬ್ರಿಡ್ಜಸ್ ಅವರ ಬದುಕು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಮುದ್ರ ದಂಡೆಯಲ್ಲಿ ಫೆರಿ ಬಿಲ್ಡಿಂಗ್ ಅಂತ ಗಡಿಯಾರದ ಗೋಪುರವಿರುವ ಒಂದು ಹಳೆಯ ಕಟ್ಟಡವಿದೆ. ಅದರ ಎದುರಿನ ವಿಶಾಲ ಚೌಕಕ್ಕೆ ಹ್ಯಾರಿ ಬ್ರಿಡ್ಜಸ್ ಪ್ಲಾಜಾ ಎಂದು ಹೆಸರು. ಈ ಬ್ರಿಡ್ಜಸ್ ಮಂತ್ರಿಯಲ್ಲ, ಉದ್ಯಮಿಯಲ್ಲ, ಎಂಜಿನಿಯರ್ ಕೂಡ ಅಲ್ಲ. ಹಡಗಿನ ಸರಕು ಇಳಿಸುತ್ತಿದ್ದ ಹಮಾಲಿ. ಅದೂ ಹೊರದೇಶದಿಂದ ಹೊಟ್ಟೆಪಾಡಿಗೆ ಬಂದವರು. ಅವರನ್ನು ದೇಶದಿಂದ ಹೊರಗೆ ಹಾಕಲು ಅಮೆರಿಕ ಸರ್ಕಾರ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಹೆಣಗಿತು, ಆಗಲಿಲ್ಲ.

ಗಲ್ಫ್‌ನಲ್ಲಿ ಸೈಟ್, ಫ್ಯಾಕ್ಟರಿ, ಯಾರ್ಡ್ ಎಲ್ಲೇ ಕೆಲಸ ಮಾಡಿದರೂ ಸುರಕ್ಷತೆ ಎಂದರೆ ಕಣ್ಣ ಮುಂದೆ ಬರುವುದು ಹೆಲ್ಮೆಟ್, ಬೂಟು, ಹಳದಿ ಜಾಕೆಟ್, ಗೋಡೆಯ ಮೇಲಿನ ಬೋರ್ಡು. ಇವೆಲ್ಲ ಬೇಕೇ ಬೇಕು. ಆದರೆ ಬ್ರಿಡ್ಜಸ್ ಅವರ ಬದುಕು ತೋರಿಸಿಕೊಟ್ಟದ್ದು ಇನ್ನೊಂದು ಸಂಗತಿಯನ್ನು. ಅಪಾಯ ಮೊದಲು ಕಾಣುವುದು ಕೆಲಸ ಮಾಡುವವನ ಕಣ್ಣಿಗೆ. ಕಂಡದ್ದನ್ನು ಹೇಳಿದರೆ ನಾಳೆಯ ಕೆಲಸ ಹೋಗುತ್ತದೆ ಎಂಬ ಭಯ ಇರುವ ಕಡೆ ಯಾವ ನಿಯಮವೂ ಜೀವ ಉಳಿಸುವುದಿಲ್ಲ.

ಮೆಲ್ಬರ್ನ್ ಹುಡುಗ, ಸಮುದ್ರದ ಹುಚ್ಚು

ಬ್ರಿಡ್ಜಸ್ ಹುಟ್ಟಿದ್ದು 1901ರ ಜುಲೈ 28ರಂದು, ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ. ಹೆತ್ತವರು ಇಟ್ಟ ಹೆಸರು ಆಲ್ಫ್ರೆಡ್ ರೆಂಟನ್ ಬ್ರಿಡ್ಜಸ್. ತಂದೆಯದು ಮನೆ, ಜಾಗದ ವ್ಯವಹಾರ. ಬಡ ಬಾಡಿಗೆದಾರರ ಮನೆ ಬಾಗಿಲಿಗೆ ಹೋಗಿ ಬಾಡಿಗೆ ವಸೂಲಿ ಮಾಡುವ ಕೆಲಸ ಮಗನ ಪಾಲಿಗೆ ಬಂತು. ಹುಡುಗನಿಗೆ ಅದು ಹಿಡಿಸಲಿಲ್ಲ. ಜಾಕ್ ಲಂಡನ್ ಬರೆದ ಸಮುದ್ರದ ಕಥೆಗಳನ್ನು ಓದಿ ತಲೆ ತುಂಬಾ ಹಡಗೇ ತುಂಬಿಕೊಂಡಿತ್ತು. ಹದಿಹರೆಯದಲ್ಲೇ ಮನೆ ಬಿಟ್ಟು ಹಡಗು ಹತ್ತಿದ. ಜಾಕ್ ಲಂಡನ್ ಹುಟ್ಟೂರು ಸ್ಯಾನ್ ಫ್ರಾನ್ಸಿಸ್ಕೋ. 1920ರಲ್ಲಿ ಈ ಹುಡುಗನೂ ನಾವಿಕನಾಗಿ ಬಂದು ಇಳಿದದ್ದು ಅದೇ ಊರಿಗೆ.

ಸ್ವಲ್ಪ ಕಾಲ ಅಮೆರಿಕದ ಹಡಗುಗಳಲ್ಲಿ ದುಡಿದ ಮೇಲೆ 1922ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಧಕ್ಕೆಯಲ್ಲೇ ನೆಲೆ ನಿಂತರು. ಹ್ಯಾರಿ ಎಂಬ ಹೆಸರಿನಿಂದಲೇ ಎಲ್ಲರೂ ಕರೆಯುತ್ತಿದ್ದರು. ಮುಂದಿನ ಹನ್ನೆರಡು ವರ್ಷ ಬ್ರಿಡ್ಜಸ್ ಕೈಯಲ್ಲಿ ಹಿಡಿದದ್ದು ಮೂಟೆಗೆ ಹಾಕುವ ಕಬ್ಬಿಣದ ಕೊಕ್ಕೆ.

ಬೆಳಗಿನ ಸಾಲು, ಮೇಸ್ತ್ರಿಯ ಬೆರಳು

ಮಂಗಳೂರು ಹಳೆ ಬಂದರಿನಲ್ಲೋ ಮಲ್ಪೆ ಧಕ್ಕೆಯಲ್ಲೋ ಮೂಟೆ ಹೊರುವುದನ್ನು ನೋಡಿದವರಿಗೆ ಆ ಕಾಲದ ಸ್ಯಾನ್ ಫ್ರಾನ್ಸಿಸ್ಕೋ ಬಂದರನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಆಗ ಕಂಟೈನರ್ ಇರಲಿಲ್ಲ. ಸಕ್ಕರೆ, ಕಾಫಿ, ಅಕ್ಕಿ, ಸಿಮೆಂಟು, ಮರ, ಎಲ್ಲವೂ ಮೂಟೆ, ಪೆಟ್ಟಿಗೆ, ಕಟ್ಟುಗಳಲ್ಲಿ ಬರುತ್ತಿತ್ತು. ಹಡಗಿನ ಹೊಟ್ಟೆಯೊಳಗೆ ಇಳಿದವರು ಸರಕನ್ನು ಸ್ಲಿಂಗ್ ಎಂಬ ಹಗ್ಗದ ಜೋಲಿಯಲ್ಲಿ ಪೇರಿಸಬೇಕು. ಮೇಲೆ ವಿಂಚ್ ನಡೆಸುವವನು ಅದನ್ನು ಎತ್ತಿ ಧಕ್ಕೆಗೆ ಇಳಿಸಬೇಕು. ವಿಂಚ್ ನಡೆಸುವವನಿಗೆ ಎಷ್ಟೋ ಸಲ ಕೆಳಗಿದ್ದವರು ಕಾಣುತ್ತಲೇ ಇರಲಿಲ್ಲ. ಜೋಲಿಗೆ ಭಾರ ಹೆಚ್ಚಾದರೆ, ತಂತಿ ಹಗ್ಗ ಸವೆದಿದ್ದರೆ, ಒಂದು ಪೆಟ್ಟಿಗೆ ಜಾರಿದರೆ ಕೆಳಗೆ ನಿಂತವನ ಕಥೆ ಮುಗಿಯಿತು.

ಇಷ್ಟಾದರೂ ಬಾಯಿ ಬಿಡುವ ಹಾಗಿರಲಿಲ್ಲ. ಯಾಕಂದ್ರೆ ಕೆಲಸ ಸಿಗುತ್ತಿದ್ದ ರೀತಿಯೇ ಹಾಗಿತ್ತು. ಪ್ರತಿದಿನ ನಸುಕಿನಲ್ಲಿ ಫೆರಿ ಬಿಲ್ಡಿಂಗ್ ಸುತ್ತ ನೂರಾರು ಜನ ಸೇರುತ್ತಿದ್ದರು. ಗ್ಯಾಂಗಿನ ಮೇಸ್ತ್ರಿ ಬಂದು ಬೆರಳು ತೋರಿಸಿ ಆರಿಸುತ್ತಿದ್ದ. ಅವನ ಬೆರಳು ಯಾರ ಕಡೆ ತಿರುಗಿತೋ ಅವರಿಗೆ ಆ ದಿನದ ಅನ್ನ. ಉಳಿದವರು ಬರಿಗೈಲಿ ಮನೆಗೆ. ಮೇಸ್ತ್ರಿಗೆ ಹೆಂಡದ ಬಾಟಲಿ ಕೊಡುವುದು, ಕೂಲಿಯಲ್ಲಿ ಪಾಲು ಕೊಡುವುದು ಮಾಮೂಲಾಗಿತ್ತು. ಬ್ಲೂ ಬುಕ್ ಎಂಬ ಸಂಘವೊಂದು ಇತ್ತು, ಆದರೆ ಅದು ಮಾಲೀಕರ ಕೈಗೊಂಬೆ. ಅದರ ನೀಲಿ ಪುಸ್ತಕ ಇಲ್ಲದವರಿಗೆ ಕೆಲಸ ಇಲ್ಲ.

ಕೆಲಸ ಸಿಕ್ಕಿದವರ ಪಾಡೂ ಸುಖದ್ದಲ್ಲ. ಹಡಗು ಖಾಲಿಯಾಗುವವರೆಗೆ 24 ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಒಂದೇ ಸಮನೆ ದುಡಿತ. ಒಂದು ಗ್ಯಾಂಗನ್ನು ಇನ್ನೊಂದರ ಎದುರು ಪಂದ್ಯಕ್ಕೆ ಬಿಟ್ಟ ಹಾಗೆ ವೇಗ ಹೆಚ್ಚಿಸುತ್ತಿದ್ದರು. ಹಿಂದೆ ಬಿದ್ದ ಗ್ಯಾಂಗಿಗೆ ಮಾರನೆಯ ದಿನ ಕರೆ ಇಲ್ಲ. 1927ರಲ್ಲಿ ಅಮೆರಿಕ ಸಂಸತ್ತು ಬಂದರು ಕಾರ್ಮಿಕರಿಗೆ ಅಪಘಾತ ಪರಿಹಾರದ ಕಾಯಿದೆ ಮಾಡಿತು. ಒಳ್ಳೆಯದೇ ಆಯಿತು. ಆದರೆ ಅದು ಕೈ ಮುರಿದ ಮೇಲೆ ಬರುವ ಹಣ. ಕೈ ಮುರಿಯದ ಹಾಗೆ ನೋಡಿಕೊಳ್ಳುವ ದಾರಿ ಅದರಲ್ಲಿರಲಿಲ್ಲ.

ಒಂದು ಸೆಂಟಿನ ಪತ್ರಿಕೆ

1932ರ ಕೊನೆಯಲ್ಲಿ ಧಕ್ಕೆಯ ಮೇಲೆ ವಾಟರ್‌ಫ್ರಂಟ್ ವರ್ಕರ್ ಎಂಬ ಚಿಕ್ಕ ಪತ್ರಿಕೆ ಕಾಣಿಸಿಕೊಂಡಿತು. ಸೈಕ್ಲೋಸ್ಟೈಲ್ ಪ್ರತಿ, ಬೆಲೆ ಒಂದು ಸೆಂಟು, ಬರೆದವರ ಹೆಸರಿಲ್ಲ. ಯಾವ ಮೇಸ್ತ್ರಿ ಜನರನ್ನು ದನದ ಹಾಗೆ ದುಡಿಸುತ್ತಾನೆ, ಎಲ್ಲಿ ಜೋಲಿಗೆ ಅತಿಯಾದ ಭಾರ ಹಾಕುತ್ತಾರೆ ಎಂಬ ಸಂಗತಿಗಳೇ ಅದರ ಸುದ್ದಿ. ಕಾರ್ಮಿಕರು ತಾವು ಕಂಡದ್ದನ್ನು ತಾವೇ ಹೇಳುತ್ತಿದ್ದರು. ಹೆಸರು ಹಾಕದೆ ಇದ್ದದ್ದರಿಂದ ಕೆಲಸ ಹೋಗುವ ಭಯ ಇರಲಿಲ್ಲ. ಸ್ವಲ್ಪ ದಿನಗಳಲ್ಲೇ ಬ್ರಿಡ್ಜಸ್ ಮತ್ತು ಅವರ ಗೆಳೆಯರು ಈ ಪತ್ರಿಕೆಯ ಬೆನ್ನಿಗೆ ನಿಂತರು. ಆಲ್ಬಿಯನ್ ಹಾಲ್ ಎಂಬಲ್ಲಿ ಸೇರುತ್ತಿದ್ದ ಕಾರಣ ಆ ಗುಂಪಿಗೆ ಅದೇ ಹೆಸರು ಬಂತು.

1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರ ಸರ್ಕಾರ ತಂದ ಕಾಯಿದೆಯಿಂದ ಕಾರ್ಮಿಕರು ತಮಗೆ ಬೇಕಾದ ಸಂಘ ಸೇರಬಹುದು ಎಂದಾಯಿತು. ಸಾವಿರಗಟ್ಟಲೆ ಜನ ಬ್ಲೂ ಬುಕ್ ಬಿಟ್ಟು ಹೊಸ ಸಂಘಕ್ಕೆ ಬಂದರು. ಆ ವರ್ಷದ ಅಕ್ಟೋಬರಿನಲ್ಲಿ ಮ್ಯಾಟ್ಸನ್ ಹಡಗು ಕಂಪನಿಯ ಧಕ್ಕೆಯಲ್ಲಿ ಹೊಸ ಸಂಘದವರನ್ನು ಕೆಲಸದಿಂದ ತೆಗೆದಾಗ ಜೊತೆಯವರೆಲ್ಲ ಕೆಲಸ ಬಿಟ್ಟು ಹೊರಬಂದರು. ಮಧ್ಯಸ್ಥಿಕೆ ನಡೆಯಿತು, ತೆಗೆದವರನ್ನು ಮತ್ತೆ ಸೇರಿಸಿಕೊಳ್ಳಬೇಕಾಯಿತು. ಜೊತೆಯವನಿಗಾಗಿ ನಿಂತರೆ ಕೆಲಸ ಉಳಿಯುತ್ತದೆ ಎಂದು ಧಕ್ಕೆಯವರು ಮೊದಲ ಬಾರಿಗೆ ಕಣ್ಣಾರೆ ಕಂಡರು.

ಎಂಬತ್ತಮೂರು ದಿನ

1934ರ ಮೇ 9ರಂದು ಪೆಸಿಫಿಕ್ ಕರಾವಳಿಯ ಬಂದರುಗಳೆಲ್ಲ ನಿಂತುಹೋದವು. ಕಾರ್ಮಿಕರ ಮುಖ್ಯ ಬೇಡಿಕೆ ಕೂಲಿ ಒಂದೇ ಅಲ್ಲ. ಬೆಳಗಿನ ಆ ಸಾಲು ನಿಲ್ಲಬೇಕು, ಕೆಲಸ ಹಂಚುವ ಕಚೇರಿ ಸಂಘದ ಕೈಯಲ್ಲಿರಬೇಕು, ಕರಾವಳಿಗೆಲ್ಲ ಒಂದೇ ಒಪ್ಪಂದ ಆಗಬೇಕು ಎಂಬುದು ಅವರ ಪಟ್ಟು. ಜೂನ್ ತಿಂಗಳಲ್ಲಿ ನ್ಯೂಯಾರ್ಕಿನಿಂದ ಬಂದ ಸಂಘದ ರಾಷ್ಟ್ರೀಯ ಅಧ್ಯಕ್ಷ ಜೋಸೆಫ್ ರಯಾನ್ ಮಾಲೀಕರ ಜೊತೆ ಮಾತಾಡಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಧಕ್ಕೆಯ ಜನ ಅದನ್ನು ಸಾರಾಸಗಟಾಗಿ ತಿರಸ್ಕರಿಸಿದರು. ತಮ್ಮ ಕೆಲಸದ ಬಗ್ಗೆ ತಮ್ಮನ್ನು ಕೇಳದೆ ಮಾಡಿದ ಒಪ್ಪಂದ ಬೇಡ ಎಂಬುದು ಅವರ ನಿಲುವು. ಮುಷ್ಕರ ಸಮಿತಿಯ ಮುಂದಾಳಾಗಿ ಬ್ರಿಡ್ಜಸ್ ಹೆಸರು ಊರೆಲ್ಲ ಹಬ್ಬಿದ್ದು ಆಗ.

ಜುಲೈ 5ರಂದು ಬಂದರು ತೆರೆಸಲು ಬಂದ ಪೊಲೀಸರಿಗೂ ಮುಷ್ಕರ ನಿರತರಿಗೂ ದೊಡ್ಡ ಘರ್ಷಣೆ ನಡೆಯಿತು. ಗೋಲಿಬಾರಿನಲ್ಲಿ ಇಬ್ಬರು ಸತ್ತರು. ಒಬ್ಬರು ಬಂದರು ಕಾರ್ಮಿಕ ಹೊವಾರ್ಡ್ ಸ್ಪೆರಿ. ಇನ್ನೊಬ್ಬರು ನಿಕ್ ಬೋರ್ಡೊಯಿಸ್, ಗ್ರೀಸ್ ದೇಶದಿಂದ ಬಂದಿದ್ದ ಅಡುಗೆಯವರು. ರಾಜ್ಯಪಾಲರು ಸೈನ್ಯ ಕರೆಸಿದರು. ನಾಲ್ಕು ದಿನದ ಮೇಲೆ ಮಾರ್ಕೆಟ್ ಸ್ಟ್ರೀಟ್‌ನಲ್ಲಿ ಸಾಗಿದ ಶವಯಾತ್ರೆಯಲ್ಲಿ ಸಾವಿರಾರು ಜನ ಮೌನವಾಗಿ ಹೆಜ್ಜೆ ಹಾಕಿದರು. ಘೋಷಣೆ ಇಲ್ಲ, ಕಲ್ಲು ತೂರಾಟ ಇಲ್ಲ. ಆ ಮೌನ ನೋಡಿದ ಮೇಲೆ ಊರಿನ ಮನಸ್ಸು ತಿರುಗಿತು. ಜುಲೈ 16ರಿಂದ ನಾಲ್ಕು ದಿನ ಇಡೀ ನಗರದ ದುಡಿಯುವ ಜನ ಮುಷ್ಕರಕ್ಕೆ ಇಳಿದರು. 83 ದಿನಗಳ ಬಳಿಕ, ಜುಲೈ 31ರಂದು ಬಂದರು ಕಾರ್ಮಿಕರು ಕೆಲಸಕ್ಕೆ ಮರಳಿದರು. ವಿವಾದ ಮಧ್ಯಸ್ಥಿಕೆ ಮಂಡಳಿಗೆ ಹೋಯಿತು.

ಅಕ್ಟೋಬರ್ 12ರಂದು ತೀರ್ಪು ಬಂತು. ಗಂಟೆಗೆ 95 ಸೆಂಟು ಕೂಲಿ, ದಿನಕ್ಕೆ ಆರು ಗಂಟೆಯ ಸಾಮಾನ್ಯ ಪಾಳಿ, ಅದಕ್ಕಿಂತ ಹೆಚ್ಚಿಗೆ ದುಡಿದರೆ ಓವರ್‌ಟೈಮ್. ಇವೆಲ್ಲಕ್ಕಿಂತ ದೊಡ್ಡದು ಕೆಲಸ ಹಂಚುವ ಕಚೇರಿ. ಅದನ್ನು ಸಂಘ ಮತ್ತು ಮಾಲೀಕರು ಸೇರಿ ನಡೆಸಬೇಕು, ಆದರೆ ಕೆಲಸಕ್ಕೆ ಹೆಸರು ಕರೆಯುವವರನ್ನು ಸಂಘವೇ ಆರಿಸಬೇಕು ಎಂದಾಯಿತು.

ಹಾಲ್ ಬಂದ ಮೇಲೆ ಧಕ್ಕೆ ಬದಲಾದ ಬಗೆ

ಹೈರಿಂಗ್ ಹಾಲ್ ಎಂಬ ಈ ಕಚೇರಿಯ ಲೆಕ್ಕ ಸರಳ. ಯಾರಿಗೆ ಕಡಿಮೆ ಗಂಟೆ ಕೆಲಸ ಸಿಕ್ಕಿದೆಯೋ ಅವರ ಸರದಿ ಮೊದಲು. ಮೇಸ್ತ್ರಿಯ ಬೆರಳಿಗೆ ಇನ್ನು ಬೆಲೆ ಇಲ್ಲ. ಬಾಟಲಿ ಕೊಟ್ಟರೂ ಸರದಿ ಮುಂದಕ್ಕೆ ಬರುವುದಿಲ್ಲ, ಎದುರು ಮಾತಾಡಿದರೂ ಹಿಂದಕ್ಕೆ ಹೋಗುವುದಿಲ್ಲ.

ಸುರಕ್ಷತೆಯ ಕಥೆ ನಿಜವಾಗಿ ಶುರುವಾಗುವುದು ಇಲ್ಲಿಂದ. ಜೋಲಿಗೆ ಭಾರ ಹೆಚ್ಚಾಯಿತು ಅಂತ ಕಂಡರೆ ಗ್ಯಾಂಗಿನವರು ಕೊಕ್ಕೆ ಕೆಳಗಿಟ್ಟು ನಿಲ್ಲತೊಡಗಿದರು. ಭಾರ ಇಳಿಸಿದ ಮೇಲೆಯೇ ಮತ್ತೆ ಕೆಲಸ. ಹೀಗೆ ಧಕ್ಕೆಯಿಂದ ಧಕ್ಕೆಗೆ, ಗ್ಯಾಂಗಿನಿಂದ ಗ್ಯಾಂಗಿಗೆ ಅಭ್ಯಾಸವಾಗಿ ಬೆಳೆದದ್ದು ಮುಂದೆ ಬರಹಕ್ಕೆ ಇಳಿಯಿತು. ಒಂದು ಜೋಲಿಗೆ 2,100 ಪೌಂಡ್, ಅಂದರೆ ಸುಮಾರು 950 ಕಿಲೋ, ಅದಕ್ಕಿಂತ ಹೆಚ್ಚು ಬೇಡ ಎಂಬ ಮಿತಿ ಒಪ್ಪಂದದಲ್ಲಿ ಸೇರಿತು. ಆ ಅಂಕಿ ಹುಟ್ಟಿದ್ದು ಹಡಗಿನ ಹೊಟ್ಟೆಯೊಳಗೆ ತಲೆಯ ಮೇಲೆ ತೂಗುವ ಸರಕನ್ನು ನೋಡಿ ನೋಡಿ ಗೊತ್ತಿದ್ದ ಜನರ ಪಟ್ಟಿನಿಂದ.

ಮಾಲೀಕರಿಗೆ ಇದು ಸರಿ ಬರಲಿಲ್ಲ. ಮಾತು ಮಾತಿಗೂ ಕೆಲಸ ನಿಲ್ಲಿಸುತ್ತಾರೆ, ಸುರಕ್ಷತೆ ಬರೀ ನೆಪ ಎಂದು ದೂರಿದರು. ಆ ದೂರಿನಲ್ಲಿ ಹುರುಳಿಲ್ಲ ಅಂತ ಪೂರ್ತಿ ಹೇಳುವ ಹಾಗೂ ಇಲ್ಲ, ಜಗಳದ ಕಾಲದಲ್ಲಿ ಕೆಲಸ ನಿಲ್ಲಿಸುವುದು ಒಂದು ಅಸ್ತ್ರವೂ ಆಗಿತ್ತು. ವರ್ಷಗಳ ತಿಕ್ಕಾಟದ ನಂತರ ಎರಡೂ ಕಡೆಯವರು ಒಂದು ವ್ಯವಸ್ಥೆಗೆ ಬಂದರು. ಜೀವಕ್ಕೆ ಅಥವಾ ಆರೋಗ್ಯಕ್ಕೆ ತಕ್ಷಣದ ಅಪಾಯ ಇದೆ ಎಂದು ಕಾರ್ಮಿಕ ಪ್ರಾಮಾಣಿಕವಾಗಿ ನಂಬಿದರೆ ಅವನನ್ನು ಆ ಕೆಲಸಕ್ಕೆ ಒತ್ತಾಯಿಸುವಂತಿಲ್ಲ. ಒಪ್ಪಿಗೆ ಆಗದಿದ್ದರೆ ಬಂದರಿಗೆ ನೇಮಕವಾದ ಮಧ್ಯಸ್ಥಗಾರ ಸ್ಥಳಕ್ಕೇ ಬಂದು, ಹಡಗು ಹತ್ತಿ ನೋಡಿ ತೀರ್ಮಾನ ಹೇಳುತ್ತಾನೆ. ಪೆಸಿಫಿಕ್ ಬಂದರುಗಳಿಗೆ ಸಂಘ ಮತ್ತು ಮಾಲೀಕರು ಕೂಡಿ ಒಪ್ಪಿದ ಸುರಕ್ಷತಾ ಸಂಹಿತೆ ಇಂದಿಗೂ ಇದೆ. ಅದರ ಬದಲಾವಣೆಗೆ ಕುಳಿತಾಗ ಮೇಜಿನ ಒಂದು ಬದಿಯಲ್ಲಿ ಕೆಲಸ ಮಾಡುವವರೇ ಇರುತ್ತಾರೆ.

ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ ಸುರಕ್ಷತೆಯ ಇನ್ನೊಂದು ದೊಡ್ಡ ಕೆಲಸವೂ ನಡೆದಿತ್ತು. 1933ರಿಂದ 1937ರವರೆಗೆ ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಕೆಲಸಗಾರರೆಲ್ಲ ಗಟ್ಟಿ ಟೋಪಿ ಹಾಕಲೇಬೇಕು ಎಂದು ಕಡ್ಡಾಯ ಮಾಡಿದರು, ಸೇತುವೆಯ ಕೆಳಗೆ ಉದ್ದಕ್ಕೂ ಬಲೆ ಕಟ್ಟಿಸಿದರು. ಆ ಬಲೆಗೆ ಬಿದ್ದು 19 ಜನ ಬದುಕಿದರು. ಆದರೆ 1937ರ ಫೆಬ್ರವರಿ 17ರಂದು ಅಟ್ಟಣಿಗೆಯೇ ಕಳಚಿ ಬಿದ್ದಾಗ ಬಲೆ ಹರಿಯಿತು, 10 ಜನ ಸತ್ತರು. ಬಲೆ ಬೇಕು, ಟೋಪಿಯೂ ಬೇಕು. ಧಕ್ಕೆಯಲ್ಲಿ ಮಾತ್ರ ದಿನಕ್ಕೊಂದು ಹಡಗು, ಹಡಗಿಗೊಂದು ಸರಕು, ಅಪಾಯದ ರೂಪ ಗಂಟೆಗೊಮ್ಮೆ ಬದಲು. ಎಲ್ಲ ಕಡೆ ಬಲೆ ಕಟ್ಟಲು ಆಗದ ಜಾಗದಲ್ಲಿ ಕೆಲಸಗಾರನ ಕಣ್ಣು ಮತ್ತು ಬಾಯಿಯೇ ಬಲೆ.

ದೇಶ ಬಿಟ್ಟು ಕಳಿಸಲು ನಾಲ್ಕು ಪ್ರಯತ್ನ

ಕೆಲಸ ಹೋಗುವ ಭಯವನ್ನು ಸಾವಿರಾರು ಜನರಿಂದ ದೂರ ಮಾಡಿದ ಬ್ರಿಡ್ಜಸ್ ಅವರ ತಲೆಯ ಮೇಲೆ ಇನ್ನೊಂದು ಕತ್ತಿ ತೂಗುತ್ತಿತ್ತು. ಅವರ ಬಳಿ ಅಮೆರಿಕದ ಪೌರತ್ವ ಇರಲಿಲ್ಲ. ಮೊದಲು ಹಾಕಿದ್ದ ಅರ್ಜಿಗಳು ಅವಧಿ ಮೀರಿ ಬಿದ್ದುಹೋಗಿದ್ದವು. 1937ರಲ್ಲಿ ಪೆಸಿಫಿಕ್ ಕರಾವಳಿಯ ಬಂದರು ಕಾರ್ಮಿಕರು ಐಎಲ್‌ಡಬ್ಲ್ಯೂಯು ಎಂಬ ಹೊಸ ಸಂಘ ಕಟ್ಟಿ ಬ್ರಿಡ್ಜಸ್ ಅವರನ್ನು ಅಧ್ಯಕ್ಷರನ್ನಾಗಿ ಮಾಡಿಕೊಂಡರು. ಅವರ ಮೇಲೆ ಕಣ್ಣಿಟ್ಟಿದ್ದವರು ಹಿಡಿದ ದಾರಿ ಡಿಪೋರ್ಟ್. ಕಮ್ಯುನಿಸ್ಟ್ ಪಕ್ಷದ ಸದಸ್ಯ, ಆದ್ದರಿಂದ ದೇಶದಿಂದ ಹೊರಗೆ ಹಾಕಬೇಕು ಎಂಬುದು ಆರೋಪ.

1939ರಲ್ಲಿ ಮೊದಲ ವಿಚಾರಣೆ ನಡೆದದ್ದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ಐಲ್ಯಾಂಡ್‌ನಲ್ಲಿ. ಏಷ್ಯಾದಿಂದ, ಮುಖ್ಯವಾಗಿ ಚೀನಾದಿಂದ ಬಂದ ವಲಸಿಗರನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಕೂಡಿಹಾಕುತ್ತಿದ್ದ ದ್ವೀಪ ಅದು. ಹಾರ್ವರ್ಡ್ ಕಾನೂನು ಶಾಲೆಯ ಮುಖ್ಯಸ್ಥ ಜೇಮ್ಸ್ ಲ್ಯಾಂಡಿಸ್ ವಿಚಾರಣೆ ನಡೆಸಿ, ಆರೋಪ ಸಾಬೀತಾಗಿಲ್ಲ ಎಂದರು. ಅಲ್ಲಿಗೆ ಮುಗಿಯಲಿಲ್ಲ. 1940ರಲ್ಲಿ ಅಮೆರಿಕ ಸಂಸತ್ತಿನ ಕೆಳಮನೆ ಬ್ರಿಡ್ಜಸ್ ಅವರ ಹೆಸರು ಹಿಡಿದೇ ಗಡಿಪಾರಿನ ಮಸೂದೆ ಪಾಸು ಮಾಡಿತು. ಒಬ್ಬ ಹಮಾಲಿಯನ್ನು ಓಡಿಸಲು ಒಂದು ಮಸೂದೆ! ಅದು ಕಾಯಿದೆ ಆಗಲಿಲ್ಲ, ಆದರೆ ಅದೇ ವರ್ಷ ವಲಸೆ ಕಾನೂನನ್ನೇ ತಿದ್ದಿ, ಹಿಂದೆ ಯಾವಾಗಲೋ ಸದಸ್ಯನಾಗಿದ್ದರೂ ಸಾಕು ಎಂದು ಮಾಡಿದರು. ಎರಡನೇ ವಿಚಾರಣೆ ನಡೆದು 1942ರಲ್ಲಿ ಗಡಿಪಾರಿನ ಆದೇಶ ಬಂತು. ಮೂರು ವರ್ಷದ ಕಾನೂನು ಹೋರಾಟದ ಮೇಲೆ, 1945ರ ಜೂನ್ 18ರಂದು ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಸೆಪ್ಟೆಂಬರಿನಲ್ಲಿ ಬ್ರಿಡ್ಜಸ್ ಅಮೆರಿಕದ ಪೌರರಾದರು.

ಆಮೇಲೂ ಬಿಡಲಿಲ್ಲ. ಪೌರತ್ವ ಪಡೆಯುವಾಗ ಸುಳ್ಳು ಹೇಳಿದರು ಎಂದು 1949ರಲ್ಲಿ ಮೊಕದ್ದಮೆ. 1950ರಲ್ಲಿ ಐದು ವರ್ಷ ಜೈಲು ಶಿಕ್ಷೆ. ಮೇಲ್ಮನವಿ ನಡೆಯುತ್ತಿದ್ದಾಗ ಕೊರಿಯಾ ಯುದ್ಧವನ್ನು ವಿರೋಧಿಸಿದ್ದಕ್ಕೆ ಜಾಮೀನು ರದ್ದಾಗಿ ಕೆಲವು ವಾರ ಕಂಬಿ ಎಣಿಸಿದರು. 1953ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನೂ ತೆಗೆದುಹಾಕಿತು. 1955ರಲ್ಲಿ ಕೊನೆಯ ಪ್ರಕರಣದಲ್ಲೂ ಸರ್ಕಾರ ಸೋತಿತು. ಬ್ರಿಡ್ಜಸ್ ಕಮ್ಯುನಿಸ್ಟರ ಜೊತೆಗಿನ ಒಡನಾಟವನ್ನು ಮುಚ್ಚಿಡಲಿಲ್ಲ, ಸದಸ್ಯತ್ವವನ್ನು ಮಾತ್ರ ಕೊನೆಯವರೆಗೂ ನಿರಾಕರಿಸಿದರು. ಇತಿಹಾಸಕಾರರ ನಡುವೆ ಆ ಚರ್ಚೆ ಇಂದಿಗೂ ಇದೆ.

ಈ ಅಷ್ಟೂ ವರ್ಷ ಸಂಘದ ಸದಸ್ಯರು ಅವರನ್ನು ಬಿಟ್ಟುಕೊಡಲಿಲ್ಲ. ವಕೀಲರ ಖರ್ಚಿಗೆ ಹಣ ಕೂಡಿಸಿದರು, ಮತ್ತೆ ಮತ್ತೆ ಅಧ್ಯಕ್ಷರನ್ನಾಗಿ ಆರಿಸಿದರು. ಇದಕ್ಕೆ ಕಾರಣವೂ ಇತ್ತು. ಅಮೆರಿಕದ ಸಂಘಗಳ ಅಧ್ಯಕ್ಷರಲ್ಲಿ ಅತಿ ಕಡಿಮೆ ಸಂಬಳ ಪಡೆಯುವವರಲ್ಲಿ ಬ್ರಿಡ್ಜಸ್ ಒಬ್ಬರು. ದೊಡ್ಡ ಒಪ್ಪಂದ ಏನೇ ಇದ್ದರೂ ಸದಸ್ಯರ ಮತಕ್ಕೆ ಹಾಕದೆ ಮುಂದೆ ಹೋಗುವಂತಿರಲಿಲ್ಲ.

ಬಣ್ಣ, ಭಾಷೆ, ಊರು

ಮಾಲೀಕರು ಮುಷ್ಕರ ಮುರಿಯಲು ಕಪ್ಪು ಜನರನ್ನು ತರುತ್ತಿದ್ದ ಕಾಲದಲ್ಲಿ ಬ್ರಿಡ್ಜಸ್ ಅವರಿಗೆ ಸಂಘದ ಬಾಗಿಲು ತೆರೆದರು. ಅವರನ್ನು ಹೊರಗಿಟ್ಟಷ್ಟೂ ದಿನ ಎಲ್ಲರೂ ಸೋಲುತ್ತಾರೆ ಎಂಬ ಲೆಕ್ಕ ಅದು. ಸ್ಯಾನ್ ಫ್ರಾನ್ಸಿಸ್ಕೋ ಶಾಖೆಯಾದ ಲೋಕಲ್ 10 ಮುಂದೆ ಕಪ್ಪು ಕಾರ್ಮಿಕರೇ ಹೆಚ್ಚಿರುವ ಸಂಘವಾಯಿತು. ಹವಾಯಿ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಜಪಾನಿಯರು, ಫಿಲಿಪಿನೋಗಳು, ಪೋರ್ಚುಗೀಸರು ಬೇರೆ ಬೇರೆ ಕ್ಯಾಂಪುಗಳಲ್ಲಿ ಇರುತ್ತಿದ್ದರು. ಒಬ್ಬರು ಮುಷ್ಕರ ಮಾಡಿದರೆ ಇನ್ನೊಬ್ಬರನ್ನು ತಂದು ದುಡಿಸುವುದು ತೋಟದ ಮಾಲೀಕರ ಹಳೆಯ ಉಪಾಯ. ಐಎಲ್‌ಡಬ್ಲ್ಯೂಯು ಅವರನ್ನೆಲ್ಲ ಒಂದೇ ಸಂಘಕ್ಕೆ ತಂದಿತು. 1946ರಲ್ಲಿ ಸುಮಾರು 26 ಸಾವಿರ ಸಕ್ಕರೆ ಕಾರ್ಮಿಕರು ಒಟ್ಟಾಗಿ 79 ದಿನ ನಿಂತು ಗೆದ್ದರು.

ಅವರ ಸ್ವಂತ ಬದುಕಿನಲ್ಲೂ ಇದೇ ನಿಲುವು. 1958ರಲ್ಲಿ ಜಪಾನಿ ಮೂಲದ ನೊರಿಕೊ ಸವಾಡ ಅವರನ್ನು ಮದುವೆಯಾಗಲು ನೆವಾಡಾ ರಾಜ್ಯದ ರೆನೊ ಊರಿಗೆ ಹೋದಾಗ, ಬಿಳಿಯರು ಏಷ್ಯಾದವರನ್ನು ಮದುವೆಯಾಗುವಂತಿಲ್ಲ ಎಂಬ ಕಾನೂನು ಅಡ್ಡ ಬಂತು. ಬೇರೆ ಊರಿಗೆ ಹೋಗಿ ಮದುವೆಯಾಗಬಹುದಿತ್ತು. ಅವರಿಬ್ಬರೂ ಕೋರ್ಟಿಗೆ ಹೋದರು, ಗೆದ್ದು ಅಲ್ಲೇ ಮದುವೆಯಾದರು.

ಪೆಟ್ಟಿಗೆ ಬಂದಾಗ

1950ರ ದಶಕದ ಕೊನೆಗೆ ಕಂಟೈನರ್ ಬಂತು. ನೂರು ಜನ ವಾರವಿಡೀ ಮಾಡುತ್ತಿದ್ದ ಕೆಲಸವನ್ನು ಕ್ರೇನ್ ಮತ್ತು ಬೆರಳೆಣಿಕೆಯ ಜನ ಮಾಡಿ ಮುಗಿಸುವ ಕಾಲ. ಯಂತ್ರವನ್ನು ತಡೆಯುವುದು ಆಗದ ಮಾತು ಎಂದು ಬ್ರಿಡ್ಜಸ್ ಅರ್ಥ ಮಾಡಿಕೊಂಡರು. ವರ್ಷಗಟ್ಟಲೆ ಸದಸ್ಯರ ಜೊತೆ ಚರ್ಚೆ ನಡೆಸಿ 1960ರ ಅಕ್ಟೋಬರಿನಲ್ಲಿ ಯಾಂತ್ರೀಕರಣದ ಒಪ್ಪಂದಕ್ಕೆ ಸಹಿ ಹಾಕಿದರು. ಮಾಲೀಕರಿಗೆ ಯಂತ್ರ ತರುವ ಸ್ವಾತಂತ್ರ್ಯ. ಬದಲಿಗೆ ಪೂರ್ಣ ಸದಸ್ಯರಾದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ವರ್ಷಕ್ಕೆ 50 ಲಕ್ಷ ಡಾಲರ್ ನಿಧಿಗೆ ಕಟ್ಟಬೇಕು, ವಯಸ್ಸಾದವರಿಗೆ ಅದರಿಂದ ಬೇಗ ನಿವೃತ್ತಿ. ಯಂತ್ರ ಬಂದರೂ ಸುರಕ್ಷತೆಯ ನಿಯಮ ಮುರಿಯುವಂತಿಲ್ಲ, ಒಬ್ಬೊಬ್ಬರ ಮೇಲೆ ಹೊರಲಾರದ ಭಾರ ಹಾಕುವಂತಿಲ್ಲ ಎಂಬ ಷರತ್ತೂ ಇತ್ತು. ಬೆನ್ನು ಮುರಿಯುವ ಮೂಟೆ ಕೆಲಸದಿಂದ ಒಂದು ತಲೆಮಾರು ಗೌರವದಿಂದ ಹೊರಬಂದದ್ದು ಹೀಗೆ.

ಆದರೆ ಎಲ್ಲರಿಗೂ ಒಳ್ಳೆಯದಾಗಲಿಲ್ಲ. ಹೊಸದಾಗಿ ಸೇರಿದವರು ಬಿ ದರ್ಜೆಯವರು. ಅವರಿಗೆ ಉಳಿದ ಕೆಲಸವಷ್ಟೇ ಸಿಗುತ್ತಿತ್ತು, ಸಂಘದಲ್ಲಿ ಮತ ಇರಲಿಲ್ಲ. 1963ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಥ ಹತ್ತಾರು ಜನರ ನೋಂದಣಿ ರದ್ದಾಯಿತು. ಅವರು ಸಂಘ ಮತ್ತು ಮಾಲೀಕರ ವಿರುದ್ಧ ವರ್ಷಗಟ್ಟಲೆ ಕೋರ್ಟು ಅಲೆದರು. ಸರದಿಯಿಲ್ಲದೆ ಒಂದೇ ಕಂಪನಿಗೆ ಖಾಯಂ ಆಗಿ ದುಡಿಯುವ ಕ್ರೇನ್ ಆಪರೇಟರುಗಳಿಗೆ ಬ್ರಿಡ್ಜಸ್ ಒಪ್ಪಿದ್ದೂ ಅಸಮಾಧಾನಕ್ಕೆ ಕಾರಣವಾಯಿತು. ಹೈರಿಂಗ್ ಹಾಲ್ ತಂದವರೇ ಅದರ ಬುಡ ಅಲ್ಲಾಡಿಸಿದರು ಎಂದು ಹಳೆಯ ಜೊತೆಗಾರರೇ ಕೋಪಗೊಂಡರು. 1971ರಲ್ಲಿ ಸದಸ್ಯರು ಅಧ್ಯಕ್ಷರ ಮನಸ್ಸಿಗೆ ವಿರುದ್ಧವಾಗಿ ಮುಷ್ಕರಕ್ಕೆ ಮತ ಹಾಕಿದರು. ಎಲ್ಲರ ಬಾಯಿಗೂ ಬೆಲೆ ಕೊಡಬೇಕು ಎಂದು ಶುರುವಾದ ಸಂಘದೊಳಗೇ ಕೆಲವರು ಬಾಯಿಲ್ಲದವರಾದರು ಎಂಬುದು ಈ ಬದುಕಿನ ಕಪ್ಪು ಪುಟ.

ಆರೋಗ್ಯದ ವಿಷಯದಲ್ಲಿ ಮಾತ್ರ ಅವರ ಕಾಲದ ಕೆಲಸವನ್ನು ಯಾರೂ ಮರೆಯುವ ಹಾಗಿಲ್ಲ. 1949ರ ಮಾತುಕತೆಗಳಿಂದ ಹುಟ್ಟಿದ ಕಲ್ಯಾಣ ನಿಧಿಯ ಮೂಲಕ ಕಾರ್ಮಿಕರಿಗೂ ಮುಂದೆ ಕುಟುಂಬಗಳಿಗೂ ವೈದ್ಯಕೀಯ ರಕ್ಷಣೆ ಸಿಕ್ಕಿತು. 1951ರಲ್ಲಿ ಕೈಸರ್ ಆಸ್ಪತ್ರೆಯವರ ಜೊತೆ ಸೇರಿ ಸ್ಯಾನ್ ಫ್ರಾನ್ಸಿಸ್ಕೋದ ಬಂದರು ಕಾರ್ಮಿಕರಿಗೆ ಸಾಮೂಹಿಕ ಆರೋಗ್ಯ ತಪಾಸಣೆ ನಡೆಸಿದರು. ರೋಗ ಬಂದ ಮೇಲೆ ಅಲ್ಲ, ಬರುವ ಮೊದಲೇ ನೋಡಬೇಕು ಎಂಬ ಯೋಚನೆ ಆಗಿನ್ನೂ ಹೊಸದು.

ಕೊನೆಯ ದಿನಗಳು

40 ವರ್ಷ ಅಧ್ಯಕ್ಷರಾಗಿದ್ದು 1977ರಲ್ಲಿ ಬ್ರಿಡ್ಜಸ್ ನಿವೃತ್ತರಾದರು. ಯಾವ ನಗರದ ಪೊಲೀಸರು ಅವರ ಜನರ ಮೇಲೆ ಗುಂಡು ಹಾರಿಸಿದ್ದರೋ ಅದೇ ನಗರ ಅವರನ್ನು 1970ರಲ್ಲಿ ಬಂದರು ಆಯೋಗದ ಸದಸ್ಯರನ್ನಾಗಿ ನೇಮಿಸಿತ್ತು. 1990ರ ಮಾರ್ಚ್ 30ರಂದು, 88ನೇ ವಯಸ್ಸಿನಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ತೀರಿಕೊಂಡರು. 1934ರಲ್ಲಿ ಸತ್ತವರ ನೆನಪಿಗೆ ಪ್ರತಿ ವರ್ಷ ಜುಲೈ 5ರಂದು ಪೆಸಿಫಿಕ್ ಕರಾವಳಿಯ ಬಂದರು ಕಾರ್ಮಿಕರು ಈಗಲೂ ಕೆಲಸಕ್ಕೆ ಬಿಡುವು ಕೊಡುತ್ತಾರೆ.

ಅಮೆರಿಕದ ಕಾನೂನು ಬೇರೆ, ಗಲ್ಫ್ ದೇಶಗಳ ಕಾನೂನು ಬೇರೆ. ಅಲ್ಲಿ ನಡೆದ ಹಾಗೆ ಇಲ್ಲಿ ಸಂಘ, ಮುಷ್ಕರ ನಡೆಸಲು ಹೋಗುವುದು ಅಪಾಯ, ಯುಎಇಯಂಥ ದೇಶದಲ್ಲಿ ಅದಕ್ಕೆ ಅವಕಾಶವೂ ಇಲ್ಲ. ಹಾಗಂತ ಬ್ರಿಡ್ಜಸ್ ಬದುಕಿನ ಪಾಠ ಬಂದರಿನ ಆಚೆ ನಿಲ್ಲುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೇ ಒಡಂಬಡಿಕೆ, ಜೀವಕ್ಕೆ ತಕ್ಷಣದ ಅಪಾಯ ಕಂಡು ಕೆಲಸದಿಂದ ಹಿಂದೆ ಸರಿದವನಿಗೆ ತೊಂದರೆ ಕೊಡಬಾರದು ಎನ್ನುತ್ತದೆ. ಸುರಕ್ಷಿತ ಕೆಲಸದ ಜಾಗವನ್ನು ಮೂಲಭೂತ ಹಕ್ಕುಗಳ ಸಾಲಿಗೆ ಅದೇ ಸಂಘಟನೆ 2022ರಲ್ಲಿ ಸೇರಿಸಿತು. ಗಲ್ಫ್‌ನ ಹಲವು ದೊಡ್ಡ ಸೈಟುಗಳಲ್ಲಿ ಬೆಳಗಿನ ಟೂಲ್‌ಬಾಕ್ಸ್ ಮೀಟಿಂಗ್ ಇದೆ, ಅಪಾಯ ಕಂಡರೆ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು ಎನ್ನುವ ಕಾರ್ಡ್ ಇದೆ, ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲಿನ ಕೆಲಸಕ್ಕೆ ಸರ್ಕಾರದ ತಡೆಯೂ ಇದೆ.

ಆ ಮೀಟಿಂಗಿನಲ್ಲಿ ಸಹಿ ಮಾತ್ರ ಹಾಕಿ ಬರುವುದೋ, ಸವೆದ ಬೆಲ್ಟಿನ ಬಗ್ಗೆ, ಅಲ್ಲಾಡುವ ಅಟ್ಟಣಿಗೆಯ ಬಗ್ಗೆ ಒಂದು ಮಾತು ಹೇಳುವುದೋ ಎಂಬಲ್ಲಿ ವ್ಯತ್ಯಾಸ ಇದೆ. ಒಬ್ಬನೇ ಹೇಳಲು ಅಂಜಿಕೆಯಾದರೆ ನಾಲ್ಕು ಜನ ಸೇರಿ ಹೇಳಬಹುದು, ಇಂಗ್ಲಿಷ್ ಬಾರದವನ ಪರವಾಗಿ ಬರುವವನು ಹೇಳಬಹುದು. ಫೋರ್‌ಮ್ಯಾನ್, ಸೂಪರ್‌ವೈಸರ್ ಸ್ಥಾನದಲ್ಲಿ ಇರುವ ಕನ್ನಡಿಗರ ಹೊಣೆ ಇನ್ನೂ ದೊಡ್ಡದು. ಅಪಾಯ ಇದೆ ಎಂದು ಇಂದು ಹೇಳಿದವನ ಹೆಸರು ನಾಳೆಯ ಡ್ಯೂಟಿ ಪಟ್ಟಿಯಲ್ಲೂ ಇರುವ ಹಾಗೆ ನೋಡಿಕೊಳ್ಳುವುದು ಅವರ ಕೈಲಿದೆ. ಬ್ರಿಡ್ಜಸ್ ತಮ್ಮ ಜನರಿಗೆ ಕೊಡಿಸಿದ ದೊಡ್ಡ ಸುರಕ್ಷತೆ ಇದೇ.